ಎಡಗಿವಿಯ ಗುರುತು

ಬೀದಿನಾಯಿ ಖೈರೆಯ ಗಂಟಲಲ್ಲಿ ಮೂಳೆ ಸಿಕ್ಕಿಕೊಂಡಿದೆ ಎಂದು ಚಹಾ ಅಂಗಡಿಯ ಗ್ಯಾನು ಅದನ್ನು ಬೆನ್ನಿನ ಬುಟ್ಟಿಯಲ್ಲಿ ಹೊತ್ತು ತಂದಾಗ ಡಾಕ್ಟರ್ ಪಬಿತ್ರಾ ಮಹರ್ಜನ್ ಒಂದು ಹೆಣ್ಣುನಾಯಿಯ ಹೊಟ್ಟೆಗೆ ಹೊಲಿಗೆ ಹಾಕಿ ಮುಗಿಸಿ ಕೈ ತೊಳೆಯುತ್ತಿದ್ದಳು. ಪಾಟನ್ನಿನ ಬೀದಿನಾಯಿಗಳಿಗೆಂದೇ ಇರುವ ಆ ಧರ್ಮದ ಆಸ್ಪತ್ರೆಯಲ್ಲಿ ಅವಳೊಬ್ಬಳೇ ಡಾಕ್ಟರು. ಮದುವೆಗೆ ನೋಡಲು ಬಂದವರೆಲ್ಲ ‘ನಾಯಿ ಡಾಕ್ಟರಾ’ ಎಂದು ಮುಖ ಹುಳ್ಳಗೆ ಮಾಡಿ ಹೋಗಿದ್ದರು. ಅವಳೇನೂ ತಲೆ ಕೆಡಿಸಿಕೊಂಡಿರಲಿಲ್ಲ.

“ತಿಹಾರ್ ಹಬ್ಬ ಅಂತ ಕಂಡಕಂಡವರೆಲ್ಲ ಮಾಂಸ ಹಾಕಿದ್ರು ದಿದಿ,” ಎಂದ ಗ್ಯಾನು. “ನಿನ್ನೆಯಿಂದ ಬಾಯಿ ಮುಚ್ಚೋಕೇ ಆಗ್ತಿಲ್ಲ ಇದಕ್ಕೆ. ನಾನೂ ಬೆರಳು ಹಾಕಿ ತಡಕಾಡಿದೆ, ಏನೂ ಸಿಗಲಿಲ್ಲ.”

ತಿಹಾರಿನ ನಾಯಿಪೂಜೆ ಕಳೆದು ಇನ್ನೂ ವಾರವಾಗಿರಲಿಲ್ಲ. ಖೈರೆಯ ಕತ್ತಿನಲ್ಲಿ ಬಾಡಿದ ಚೆಂಡುಹೂವಿನ ಮಾಲೆ, ಹಣೆಯಲ್ಲಿ ಒಣಗಿದ ಕೆಂಪು ಟೀಕಾ ಹಾಗೇ ಇದ್ದವು. ಎಡಗಿವಿಯ ತುದಿ ಇರಲಿಲ್ಲ. ಅದನ್ನು ಕತ್ತರಿಸಿದವಳು ಪಬಿತ್ರಾಳೇ. ಮರಿಯಾಗದಂತೆ ಆಪರೇಷನ್ ಆಗಿದೆ, ಹುಚ್ಚುನಾಯಿ ರೋಗದ ಲಸಿಕೆ ಬಿದ್ದಿದೆ ಎಂಬುದಕ್ಕೆ ಗುರುತು ಅದು. ತನ್ನ ಕೈಯ ಗುರುತು ಕಂಡದ್ದೇ ತಡ, ಕೈಗವಸು ಹುಡುಕುವ ಗೋಜಿಗೂ ಹೋಗದೆ ಅವಳು ನಾಯಿಯ ಬಾಯೊಳಗೆ ಬೆರಳು ಇಳಿಸಿದಳು.

ಮೂಳೆ ಇರಲಿಲ್ಲ. ಖೈರೆ ಒಂದಿಷ್ಟೂ ಕೊಸರಾಡಲಿಲ್ಲ. ಕೈ ಬಿಟ್ಟೊಡನೆ ಕೆಳದವಡೆ ಜೋತುಬಿತ್ತು, ಜೊಲ್ಲು ಅವಳ ಮಣಿಕಟ್ಟಿನವರೆಗೂ ಇಳಿಯಿತು. ಗ್ಯಾನು ಬಟ್ಟಲಲ್ಲಿ ನೀರಿಟ್ಟ. ಖೈರೆ ಮೂತಿ ಅದ್ದಿತು, ನಾಲಗೆ ಆಡಿಸಿತು, ಒಂದು ಗುಟುಕೂ ಒಳಗಿಳಿಯಲಿಲ್ಲ. ಆಮೇಲೆ ಅದು ಬೊಗಳಿತು. ಆ ದನಿ ಖೈರೆಯದಲ್ಲ. ಒಡೆದು, ಗೊಗ್ಗರಾಗಿ, ಕೊನೆಗೆ ಊಳಾಗಿ ಎಳೆದ ದನಿ.

ಪಬಿತ್ರಾ ಅದನ್ನು ಗುರುತಿಸಿದಳು. ಪಠ್ಯದಲ್ಲಿ ಓದಿದ್ದಳು, ಪರೀಕ್ಷೆಯಲ್ಲಿ ಬರೆದಿದ್ದಳು. ಕಚ್ಚಲು ಮೇಲೆ ಬೀಳುವ ಹುಚ್ಚು ಒಂದು, ದವಡೆ ಬಿದ್ದು ಸುಮ್ಮನೆ ಕೂರುವ ಹುಚ್ಚು ಇನ್ನೊಂದು. ಮೂಳೆ ಸಿಕ್ಕಿದೆಯೆಂದು ಬಾಯಿಗೆ ಕೈ ಹಾಕಿ ಸತ್ತವರೂ ಇದ್ದಾರೆ. ಅಷ್ಟೆಲ್ಲ ಗೊತ್ತಿದ್ದವಳು ಬರಿಗೈಯನ್ನು ಮಣಿಕಟ್ಟಿನ ತನಕ ಒದ್ದೆ ಮಾಡಿಕೊಂಡು ನಿಂತಿದ್ದಳು.

“ಗ್ಯಾನು ದಾಜು, ಬನ್ನಿ, ಕೈ ತೊಳೀರಿ. ಸೋಪು ಹಾಕಿ. ಉಜ್ಜಿ, ನಿಲ್ಲಿಸಬೇಡಿ.”

“ಯಾಕೆ ದಿದಿ? ಇದು ಕಿವಿ ಕತ್ತರಿಸಿದ ನಾಯಿ ಅಲ್ವಾ?”

ಅವಳು ಅವನ ಕೈಗೆ ಸೋಪು ತುರುಕಿದಳು. ನಲ್ಲಿಯ ಕೆಳಗೆ ನಾಲ್ಕು ಕೈಗಳೂ ಕೆಂಪಾಗುವವರೆಗೆ ಇಬ್ಬರೂ ಉಜ್ಜಿದರು. ಆಮೇಲೆ ಅವಳು ಕೈಗವಸು ತೊಟ್ಟು, ಖೈರೆಯ ಕಾಲಿನ ನರ ಹುಡುಕಿ, ಕೊನೆಯ ಸೂಜಿ ಚುಚ್ಚಿ ಅದನ್ನು ಮಲಗಿಸಿದಳು. ಮಾಲೆ ತೆಗೆಯಲು ಮನಸ್ಸಾಗಲಿಲ್ಲ.

“ಇನ್ಯಾರು ಮುಟ್ಟಿದಾರೆ ಇದನ್ನ? ಯಾರಿಗಾದ್ರೂ ಹಲ್ಲು ತಾಗಿದೆಯಾ?”

ಗ್ಯಾನು ಸತ್ತ ನಾಯಿಯನ್ನೇ ನೋಡುತ್ತ ನಿಂತಿದ್ದ. “ನಮ್ಮ ಓಣಿಯ ಮುದುಕಿ, ಹೀರಾಮಾಯಾ ಅಜಿಗೆ. ಮಾಲೆ ಹಾಕುವಾಗ ಕಚ್ಚಿತು. ಆಸ್ಪತ್ರೆಗೆ ಹೋಗು ಅಂದ್ವಿ. ಅಜಿ ಎಲ್ಲರಿಗೂ ಬೈದು ಕಳಿಸಿದ್ಲು. ಹೆದರಬೇಡಿ ಅಂತ ಡಾಕ್ಟರೇ ಹೇಳಿದಾಳಲ್ಲ, ನಿಮಗೇನು ಗೊತ್ತು ಅಂತ.”

ಹೇಳಿದ್ದು ನಿಜ. ಮೊದಮೊದಲು ಅವಳು ಅಂಗಳ ಅಂಗಳಕ್ಕೂ ಹೋಗಿ ಪೂರ್ತಿಯಾಗಿಯೇ ಹೇಳುತ್ತಿದ್ದಳು. ಲಸಿಕೆ ಹಾಕಿದ್ದೇವೆ, ಆದರೆ ಅದರ ಬಲ ಇಳಿಯುತ್ತದೆ, ವರ್ಷಕ್ಕೊಮ್ಮೆ ಹಿಡಿದು ತನ್ನಿ, ಮತ್ತೆ ಹಾಕುತ್ತೇವೆ. ಜನ ಆಕಳಿಸುತ್ತಿದ್ದರು. ಒಮ್ಮೆ ಬಲೆಗೆ ಬಿದ್ದ ನಾಯಿ ಆಸ್ಪತ್ರೆಯ ಗಾಡಿ ಕಂಡರೆ ಮೂರು ಗಲ್ಲಿ ಆಚೆ ಓಡುತ್ತದೆ, ಅದನ್ನು ಹಿಡಿಯುವವರು ಯಾರು? ಇತ್ತ ನಾಯಿಗಳಿಗೆ ಕಲ್ಲು, ವಿಷ ಮಾತ್ರ ತಪ್ಪುತ್ತಿರಲಿಲ್ಲ. ಮಾತನ್ನು ಕತ್ತರಿಸುತ್ತ ಕತ್ತರಿಸುತ್ತ ಕೊನೆಗೆ ಇಷ್ಟು ಉಳಿಸಿದಳು: ಕಿವಿ ಕತ್ತರಿಸಿದ ನಾಯಿಗೆ ಹೆದರಬೇಡಿ. ಅದು ಎಲ್ಲರ ಬಾಯಲ್ಲೂ ನಿಂತಿತು. ಕಲ್ಲು ಬೀಳುವುದು ನಿಂತಿತು. ಅವಳೂ ಹಿಗ್ಗಿದಳು. ಕತ್ತರಿಸಿದ ಕಿವಿ ಸಾಯುವ ತನಕ ಹಾಗೇ ಇರುತ್ತದೆ, ಲಸಿಕೆ ಇರುವುದಿಲ್ಲ. ಇದು ಗೊತ್ತಿದ್ದವಳು ಆ ಊರಿಗೆಲ್ಲ ಅವಳೊಬ್ಬಳೇ.

ಹೀರಾಮಾಯಾ ಅಜಿ ಅಂಗಳದ ಬಿಸಿಲಲ್ಲಿ ಕೂತು ದೀಪದ ಬತ್ತಿ ಹೊಸೆಯುತ್ತಿದ್ದಳು. ಮಣಿಕಟ್ಟಿಗೆ ಅರಿಶಿನ ಮೆತ್ತಿದ ಚಿಂದಿ ಕಟ್ಟಿತ್ತು. ಪಬಿತ್ರಾ ಅದನ್ನು ಬಿಚ್ಚಿದಳು. ತಾಗಿದ್ದಲ್ಲ, ಹಲ್ಲು ನೆಟ್ಟಿತ್ತು.

“ಅಜಿ, ಏಳು. ಟ್ಯಾಕ್ಸಿ ನಿಂತಿದೆ.”

“ಯಾಕೆ? ಮದುವೆ ಗೊತ್ತಾಯ್ತಾ ನಿಂಗೆ?” ಅಜಿ ಬತ್ತಿಯಿಂದ ಕಣ್ಣೆತ್ತಲಿಲ್ಲ. “ಪೂಜೆ ದಿನ ಆದದ್ದು ಇದು. ಆ ದಿನ ನಾಯಿ ಮೇಲೆ ದೂರು ಹೇಳಬಾರದು. ನಮ್ಮ ಖೈರೆ ಗಂಟಲಿಂದ ಮೂಳೆ ಬಂತಾ?”

“ಮೂಳೆ ಇರಲಿಲ್ಲ, ಅಜಿ. ಹುಚ್ಚು ಹಿಡಿದಿತ್ತು. ನಾನೇ ಮಲಗಿಸಿದೆ.”

ಅಜಿಯ ಬೆರಳು ನಿಂತವು. “ಕಿವಿ ಕತ್ತರಿಸಿದ್ದೆಯಲ್ಲೇ ಮೈಚಾ, ಮಗಳೇ. ಹೆದರಬೇಡಿ ಅಂದಿದ್ದೆಯಲ್ಲ.”

“ಅರ್ಧ ಹೇಳಿದ್ದೆ, ಅಜಿ.” ಪಬಿತ್ರಾ ಬಿಚ್ಚಿದ ಚಿಂದಿಯನ್ನು ಮಡಚಿದಳು. “ಪ್ರತಿ ವರ್ಷ ಸೂಜಿ ಹಾಕ್ಬೇಕು ಅನ್ನೋದು ಬಿಟ್ಟುಬಿಟ್ಟೆ. ಉದ್ದ ಆಗತ್ತೆ, ಯಾರೂ ಕೇಳಲ್ಲ ಅಂತ.”

ಅಜಿ ಬೈಯದೆ ಬತ್ತಿಗಳನ್ನು ಬದಿಗಿಟ್ಟಳು. ಬೈದಿದ್ದರೆ ಪಬಿತ್ರಾಳಿಗೆ ಉಸಿರಾದರೂ ಬರುತ್ತಿತ್ತು.

“ನೀನು ಮುಟ್ಟಿದೆಯಾ ಅದನ್ನ?”

“ಬಾಯೊಳಗೇ ಕೈ ಹಾಕಿದೆ. ಬರಿಗೈ. ಆ ಕಿವಿಯ ಗುರುತು ಕಂಡು.”

“ನೀನೂ ನಂಬಿದೆ ಹಾಗಾದ್ರೆ,” ಎಂದು ಅಜಿ ಗೋಡೆ ಹಿಡಿದು ಎದ್ದಳು. “ನಡಿ. ಖೈರೆಗೆ ನೋವಾಯ್ತಾ?”

“ಇಲ್ಲ ಅಜಿ.”

ಸರ್ಕಾರಿ ಆಸ್ಪತ್ರೆಯಲ್ಲಿ ನಾಯಿಸೂಜಿಯ ಸಾಲು ಗೇಟಿನವರೆಗೂ ಇತ್ತು. ಅಜಿ, ಅವಳ ಹಿಂದೆ ಪಬಿತ್ರಾ, ಹಿಂದೆ ಗ್ಯಾನು. ಕಾಲವಿನ್ನೂ ಮೀರಿಲ್ಲ, ಮೂವರೂ ಬದುಕುತ್ತಾರೆ ಎಂದು ಪಬಿತ್ರಾ ಮನಸ್ಸಿನಲ್ಲೇ ಹೇಳಿಕೊಂಡಳು. ಎದೆ ಸ್ವಲ್ಪ ಹಗುರಾಯಿತು.

ಅಜಿಯ ಮುಂದೆ ನಿಂತಿದ್ದವನು ಹೆಲ್ಮೆಟ್ಟನ್ನು ತೋಳಿಗೆ ಸಿಕ್ಕಿಸಿಕೊಂಡು ಫೋನಿನಲ್ಲಿ ಮಾತಾಡುತ್ತಿದ್ದ. ಪ್ಯಾಂಟಿನ ಮೀನಖಂಡದ ಹತ್ತಿರ ರಕ್ತ ಒಣಗಿತ್ತು.

“ಎಡಗಿವೀನಾ? ತುದಿ ಇಲ್ವಾ? ಸರಿಯಾಗಿ ನೋಡಿದ್ಯಾ?” ಫೋನು ಜೇಬಿಗೆ ಹಾಕಿ ಅವನು ಅಜಿಯತ್ತ ತಿರುಗಿ ನಕ್ಕ. “ನನ್ನ ಜಾಗ ನಿಮಗೇ ಇರಲಿ, ಅಜಿ. ನಂಗೆ ಕಚ್ಚಿದ್ದು ಕಿವಿ ಕತ್ತರಿಸಿದ್ದಂತೆ. ಅದಕ್ಕೆ ಹೆದರಬೇಡಿ ಅಂತಾರೆ ನಮ್ಮ ಕಡೆ. ಸುಮ್ನೆ ಅರ್ಧ ದಿನ ಹಾಳು. ವಾಪಸ್ ಮನೆಗೆ, ಭಕ್ತಪುರದವರೆಗೆ ಗಾಡಿ ಓಡಿಸ್ಬೇಕು ಇನ್ನೂ.”

ಭಕ್ತಪುರ. ಅಲ್ಲಿ ಪಬಿತ್ರಾ ಒಂದು ಅಂಗಳಕ್ಕೂ ಕಾಲಿಟ್ಟವಳಲ್ಲ. ಅವಳ ಮಾತು ಅವಳನ್ನು ಬಿಟ್ಟು ತಾನೇ ಊರೂರು ತಿರುಗಿತ್ತು. ಇನ್ನೆಷ್ಟು ಮನೆ, ಇನ್ನೆಷ್ಟು ಅರಿಶಿನದ ಚಿಂದಿ? ಕೂಗಬೇಕೆಂದು ಬಾಯಿ ತೆರೆದಳು.  ಅವನು ಗೇಟಿನತ್ತ ಹೆಜ್ಜೆ ಹಾಕಿಯೇಬಿಟ್ಟಿದ್ದ.

ಅಜಿ ಕಚ್ಚಿಸಿಕೊಂಡ ಕೈಯಿಂದಲೇ ಅವನ ಜಾಕೆಟ್ಟು ಹಿಡಿದು ಎಳೆದಳು.

“ಎಲ್ಲಿಗೋ? ನಿಲ್ಲು ಇಲ್ಲಿ.”

“ಅಜಿ, ಬಿಡಿ. ಡಾಕ್ಟರೇ ಹೇಳಿರೋ ಮಾತು ಅದು.”

“ಹೌದು, ಇವಳೇ ಹೇಳಿದ್ದು,” ಎಂದು ಅಜಿ ಗಲ್ಲದಿಂದ ಹಿಂದಕ್ಕೆ ತೋರಿಸಿದಳು. “ಕಿವಿ ಕತ್ತರಿಸಿದ ನಾಯಿಗೇ ಹೆದರಿ ಸೂಜಿ ಚುಚ್ಚಿಸಿಕೊಳ್ಳೋಕೆ ನನ್ನ ಹಿಂದೆ ನಿಂತಿದಾಳೆ. ಕೇಳು ಬೇಕಾದ್ರೆ.”

ಅವನು ನಗುತ್ತಲೇ ಪಬಿತ್ರಾಳನ್ನು ನೋಡಿದ. ಅವಳು ಸಾಲಿನಿಂದ ಒಂದು ಹೆಜ್ಜೆ ಮುಂದೆ ಬಂದಳು. ಅಂಗಿಯ ತೋಳು ಮೇಲಕ್ಕೆ ಮಡಚಿ, ಉಜ್ಜಿ ಉಜ್ಜಿ ಕೆಂಪಾದ ಕೈಯನ್ನು ಅವನ ಮುಂದೆ ಹಿಡಿದಳು. ಅವನ ನಗು ನಿಂತಿತು. ತಿರುಗಿ ಬಂದು ಅಜಿಯ ಮುಂದೆ ತನ್ನ ಜಾಗದಲ್ಲಿ ನಿಂತುಕೊಂಡ.