ಗೊಣಗದ ಮಷಿನ್

ಮಗಳು ಸ್ಕ್ರೂ ಸಡಿಲಿಸಿ ಮಷಿನ್‌ನ ಸೂಜಿಯನ್ನು ಕೆಳಕ್ಕೆ ಎಳೆದಳು. ಅದರ ತುದಿಯನ್ನು ಹೆಬ್ಬೆರಳಿನ ಉಗುರಿನ ಮೇಲೆ ಮೆಲ್ಲಗೆ ಹಾಯಿಸಿದಳು. ಬಿಳಿ ಗೆರೆ ಬಿತ್ತು. ಕೈ ತಪ್ಪಿ ಹಾಗಾಯಿತೇನೋ ಎಂದು ಇನ್ನೊಮ್ಮೆ ಹಾಯಿಸಿದಳು. ಮತ್ತೊಂದು ಗೆರೆ ಬಿತ್ತು.

ಅವಳು ಹಿಂದಿನ ಕೋಣೆಗೆ ಬಂದದ್ದು ಸ್ಟೂಲುಗಳಿಗಾಗಿ. ಮುಂದಿನ ಕೋಣೆಯಲ್ಲಿ ತಂದೆಯನ್ನು ಮಲಗಿಸಿದ್ದ ಪೆಟ್ಟಿಗೆಯ ಸುತ್ತ ಜನ ನಿಂತೇ ಇದ್ದರು. ಮೇಜಿನ ಕೆಳಗಿನ ಸ್ಟೂಲನ್ನು ಎಳೆಯಲು ಬಗ್ಗಿದಾಗ, ಸೂಜಿಯ ಕೆಳಗಿನ ತಗಡಿನ ಮೇಲೆ ಬೂದು ಬಣ್ಣದ ನವಿರು ಪುಡಿ ಕಂಡಿತು. ಚರ್ಮ ಹೊಲಿದರೆ ಅಂಥ ಪುಡಿ ಉದುರುವುದಿಲ್ಲ. ಅದು ನೈಲಾನ್ ಪಟ್ಟಿಯ ಎಳೆ. ತುಂಡಾದ ಎಳೆ.

ತಂದೆಯ ಕೊನೆಯ ಕೆಲಸ ಆ ಪಟ್ಟಿಗಳೇ. ಶವಪೆಟ್ಟಿಗೆಯನ್ನು ಗುಂಡಿಗೆ ಇಳಿಸಲು ಸ್ಮಶಾನದವರು ಹೊಲಿಸಿಕೊಂಡ ಒಂದು ಜೊತೆ ಪಟ್ಟಿ, ಪ್ರತಿ ತುದಿಗೂ ಚರ್ಮದ ಹಿಡಿ.

"ಏನೇ ಪುಟ್ಟಿ, ಸ್ಟೂಲು ತಾ ಅಂದ್ರೆ ಮರ ಕಡಿಯೋಕೆ ಹೋದ್ಯಾ?" ಬಾಗಿಲಲ್ಲಿ ಚಿಕ್ಕಪ್ಪ ನಿಂತಿದ್ದ. ಬಸ್ಸು ಓಡಿಸಿ ನಿವೃತ್ತನಾದವನು. ಸಾವಿನ ಮನೆಯಲ್ಲೂ ಅವನ ಗಂಟಲು ಕಡಿಮೆಯಾಗಿರಲಿಲ್ಲ.

"ಚಿಕ್ಕಪ್ಪ, ಆ ಪಟ್ಟಿಗಳು ಎಲ್ಲಿ?"

"ಯಾವ ಪಟ್ಟಿ?"

"ಪೆಟ್ಟಿಗೆ ಇಳಿಸೋವು. ಅಪ್ಪ ಹೊಲಿದಿದ್ದು."

"ಗುಂಡಿ ತೋಡೋನು ಆಗಲೇ ತಗೊಂಡು ಹೋಗಿದಾನಲ್ಲ. ಇನ್ನೂ ಬಳಸೇ ಇಲ್ವಂತೆ. ಬೋಣಿ ಇವರದ್ದೇ ಅಂದ. ಅಂದವನು ನಾಲಿಗೆ ಕಚ್ಚಿಕೊಂಡ, ಪಾಪ."

ಅವಳು ಸೂಜಿಯನ್ನು ಅಂಗೈಯಲ್ಲಿಟ್ಟು ತೋರಿಸಿದಳು. "ಇದು ಚರ್ಮದ ಸೂಜಿ."

"ಚರ್ಮ ಹೊಲಿಯೋರ ಮನೇಲಿ ಚರ್ಮದ ಸೂಜಿ ಇರದೆ ಗಡಿಯಾರದ ಮುಳ್ಳು ಇರುತ್ತಾ?"

"ತಮಾಷೆ ಸಾಕು, ಕೇಳಿ. ಇದರ ತುದಿ ಕತ್ತಿ ಇದ್ದ ಹಾಗೆ, ಚರ್ಮವನ್ನ ಕೊಯ್ದು ತೂತು ಮಾಡುತ್ತೆ. ನೇಯ್ದ ಪಟ್ಟಿಗೆ ಇದನ್ನ ಹಾಕಬಾರದು. ಅದಕ್ಕೆ ದುಂಡು ತುದಿಯದ್ದು ಬೇಕು, ಎಳೆಗಳ ಸಂದಿಯಲ್ಲಿ ನುಸುಳೋದು. ಇದು ಎಳೆಯನ್ನೇ ಕತ್ತರಿಸಿಬಿಡುತ್ತೆ. ಮೇಲಿಂದ ನೋಡಿದ್ರೆ ಹೊಲಿಗೆ ಚೆನ್ನಾಗೇ ಕಾಣುತ್ತೆ."

"ಒಂದೆರಡು ಎಳೆ ಹೋದ್ರೆ ಏನು ಮುಳುಗಿ ಹೋಗುತ್ತೆ?"

"ಅಪ್ಪ ಒಂದೆರಡು ಸಾಲಿಗೆ ನಿಲ್ಲಿಸೋ ಜನಾನಾ? ಹೆದರಿಕೆಗೆ ಸಾಲಿನ ಮೇಲೆ ಸಾಲು ಹಾಕಿರ್ತಾರೆ. ಎಷ್ಟು ಸಾಲು ಹಾಕಿದಾರೋ ಅಷ್ಟು ಸಲ ಕೊಯ್ದಿದಾರೆ."

ಚಿಕ್ಕಪ್ಪನ ಮುಖದ ನಗು ಇಳಿಯಿತು. ಹಿಂದಕ್ಕೆ ತಿರುಗಿ ಬಾಗಿಲನ್ನು ಅರ್ಧ ಮುಚ್ಚಿದ.

"ನನ್ನ ಅಣ್ಣ ಹೊಲಿದಿದ್ದು ಹರಿದದ್ದನ್ನ ನಾನು ಕಂಡಿಲ್ಲ," ಎಂದ. "ಅವನು ಇನ್ನೂ ಮನೇಲೇ ಇದಾನೆ, ಪುಟ್ಟಿ. ಹೊಸ್ತಿಲು ದಾಟೋಕೆ ಮುಂಚೆನೇ ಅವನ ಕೈ ಕೆಟ್ಟಿತ್ತು ಅಂತ ಸಾರ್ತೀಯಾ? ಬಾಯಿ ಮುಚ್ಚಿಕೊಂಡಿರು."

ಸ್ಟೂಲುಗಳನ್ನು ಎರಡೂ ಕೈಯಲ್ಲಿ ಎತ್ತಿಕೊಂಡು ಅವನು ಹೊರಟ. ಅವಳು ಸೂಜಿಯನ್ನು ಒಂದು ಚೂರು ಚರ್ಮಕ್ಕೆ ಚುಚ್ಚಿ ಜೇಬಿಗೆ ಹಾಕಿಕೊಂಡಳು. ಪೆಟ್ಟಿಗೆ ಗಟ್ಟಿ ಮರದ್ದು. ತಂದೆಯೂ ತೂಕದ ಆಳು.

*

ಮಾರುಕಟ್ಟೆಯವರು ಅವಳ ತಂದೆಯನ್ನು ತಡಿಯಪ್ಪ ಎನ್ನುತ್ತಿದ್ದರು. ರಸ್ತೆ ದಾಟುವಾಗ, ಚರ್ಮಕ್ಕೆ ಕತ್ತರಿ ಇಡುವಾಗ, ಬಿಸಿ ಚಹಾ ತುಟಿಗೆ ತಾಗಿಸುವಾಗಲೂ ಅವರು ಮೊದಲು ಹೇಳುತ್ತಿದ್ದ ಮಾತು "ತಡಿ".

ದೊಡ್ಡ ಮಷಿನ್ ಕೊಳ್ಳಬೇಕು ಎಂದು ಹಟ ಹಿಡಿದವಳು ಮಗಳು. ಮನೆಯಲ್ಲಿದ್ದ ಹಳೆಯದು ಬಟ್ಟೆ ಹೊಲಿಯುವ ಮಷಿನ್. ಚೀಲದ ಮೂಲೆಯಲ್ಲಿ ಚರ್ಮ ನಾಲ್ಕು ಪದರವಾದ ಕಡೆ ಅದು ಏದುಸಿರು ಬಿಟ್ಟು ನಿಂತುಬಿಡುತ್ತಿತ್ತು. ಅಲ್ಲಿಂದ ಮುಂದೆ ತಂದೆ ಕೈಯಲ್ಲೇ ಹೊಲಿಯುತ್ತಿದ್ದರು. ಸಂಜೆಯ ಹೊತ್ತಿಗೆ ಅವರ ಮಣಿಕಟ್ಟು ಊದಿಕೊಂಡು ಲೋಟ ಎತ್ತಲೂ ಆಗುತ್ತಿರಲಿಲ್ಲ.

ಮಷಿನ್ ಅಂಗಡಿಗೆ ಅವರು ಖಾಲಿ ಕೈಯಲ್ಲಿ ಹೋಗಲಿಲ್ಲ. ತಾವು ಹೊಲಿಯುವ ಚರ್ಮದ ಚೂರುಗಳನ್ನೇ ಒಂದು ಚೀಲದಲ್ಲಿ ಒಯ್ದಿದ್ದರು: ಬೆಲ್ಟಿನ ಮಡಿಸಿದ ತುದಿ, ಚೀಲದ ಮೂಲೆ, ಚಪ್ಪಲಿಯ ದಪ್ಪ ತಳದ ಎರಡು ತುಂಡು.

ಮೊದಲು ತೋರಿಸಿದ್ದು ಮೇಜಿನ ಮಟ್ಟಕ್ಕೆ ಚಪ್ಪಟೆಯಾಗಿ ಕೂರುವ ಮಷಿನ್. ಬೆಲ್ಟಿಗೆ ಸರಿ, ಆದರೆ ಹೊಲಿದು ಮುಗಿಸಿದ ಚೀಲದ ಬಾಯಿ ಅದರೊಳಗೆ ಹೋಗದು. ಎರಡನೆಯದಕ್ಕೆ ತೋಳಿನಂತೆ ಮುಂಚಾಚಿದ ಕೆಳಭಾಗವಿತ್ತು. ಚೀಲವನ್ನು ಅಂಗಿಯ ತೋಳಿನ ಹಾಗೆ ಅದಕ್ಕೆ ತೊಡಿಸಿ ಹೊಲಿಯಬಹುದು. ಆದರೆ ಸಣ್ಣದು, ಹಳೆಯದು. ತೀರಾ ದಪ್ಪ ಕೊಟ್ಟರೆ ತಿಣುಕುತ್ತಿತ್ತು. ಮೂರನೆಯದೂ ತೋಳಿನ ಮಷಿನ್ನೇ, ಆದರೆ ಹೊಸದು, ಇಬ್ಬರು ಸೇರಿ ಎತ್ತಬೇಕಾದಷ್ಟು ಭಾರದ್ದು. ಸೂಜಿ, ಚರ್ಮವನ್ನು ಒತ್ತಿ ಹಿಡಿಯುವ ಮೇಲಿನ ಪಾದ, ಅದನ್ನು ಮುಂದಕ್ಕೆ ತಳ್ಳುವ ಕೆಳಗಿನ ಹಲ್ಲು ಮೂರೂ ಒಟ್ಟಿಗೆ ಹೆಜ್ಜೆ ಹಾಕುತ್ತಿದ್ದವು. ಪದರ ಎಷ್ಟೇ ಇದ್ದರೂ ಒಂದು ಇನ್ನೊಂದರ ಮೇಲೆ ಜಾರುತ್ತಿರಲಿಲ್ಲ.

"ಇದು ಆನೆ. ಆದ್ರೆ ಸಾಧು ಆನೆ," ಎಂದ ಮಷಿನ್ ಅಂಗಡಿಯವನು.

"ಎಷ್ಟು ನಿಧಾನಕ್ಕೆ ಹೋಗುತ್ತೆ?"

"ಎಲ್ಲರೂ ಎಷ್ಟು ಜೋರಾಗಿ ಹೋಗುತ್ತೆ ಅಂತ ಕೇಳ್ತಾರೆ ಯಜಮಾನ್ರೇ. ನೀವೊಬ್ಬರು ಚೆನ್ನಾಗಿ ಸಿಕ್ಕಿದ್ರಿ." ಅವನು ಪೆಡಲಿನ ಮೇಲೆ ಕಾಲಿನ ಬೆರಳಿಟ್ಟು ಒಂದೇ ಹೊಲಿಗೆ ಹಾಕಿ ನಿಲ್ಲಿಸಿದ. ಬಳಿಕ ಅವರು ತಂದ ಚೂರುಗಳನ್ನೆಲ್ಲ ಒಂದರ ಮೇಲೊಂದು ಪೇರಿಸಿ ಹೊಲಿದ. ಮಷಿನ್‌ನ ಸದ್ದು ಒಂದಿಷ್ಟೂ ಬದಲಾಗಲಿಲ್ಲ. ಹುಮ್ಮಸ್ಸಿನಲ್ಲಿ ತನ್ನ ಕಾಲಿನ ರಬ್ಬರ್ ಚಪ್ಪಲಿಯನ್ನೇ ಕಳಚಿ ಸೂಜಿಯ ಕೆಳಗೆ ತಳ್ಳಿದ. ಅದೂ ಹೊಲಿದುಕೊಂಡು ಆಚೆ ಬಂತು. ಮಗಳು ನಕ್ಕಳು. ತಂದೆ ನಗಲಿಲ್ಲ.

"ಚಪ್ಪಲಿ ಅಂತ ಅದಕ್ಕೆ ಗೊತ್ತಾಗಲಿಲ್ವಾ?"

"ಗೊತ್ತಾಗಿ ಏನಾಗಬೇಕು? ಏನು ಕೊಟ್ರೂ ಹೊಲಿಯುತ್ತೆ. ಗೊಣಗೋ ಜಾತಿಯೇ ಅಲ್ಲ."

"ನಮ್ಮನೇದು ಗೊಣಗುತ್ತೆ," ಎಂದರು ತಂದೆ. "ನಾನು ತಪ್ಪು ಮಾಡಿದ್ರೆ ನಿಂತುಬಿಡುತ್ತೆ. ಸೂಜಿ ಮುರಿದಾದ್ರೂ ಹೇಳುತ್ತೆ. ಇದು ಹೇಳೋದೇ ಇಲ್ಲ ಅಂದ್ರೆ..." ಅವರು ಎರಡನೆಯ ಮಷಿನ್ ಕಡೆ ನೋಡಿದರು. "ತಡಿ. ಅದೇ ಸಾಕಲ್ವಾ ಮಗಳೇ?"

"ಅಪ್ಪ, ಒಂದು ಸಲ ನಿಮ್ಮ ಮಣಿಕಟ್ಟು ನೋಡ್ಕೊಳ್ಳಿ. ತಿಣುಕೋದೇ ಬೇಕಿದ್ರೆ ಮನೇಲಿ ಇದೆಯಲ್ಲ. ದೊಡ್ಡದೇ ತಗೊಳ್ಳೋಣ."

ಅವರು ಹೊಲಿದ ಚೂರುಗಳನ್ನು ಚೀಲಕ್ಕೆ ಹಾಕಿಕೊಂಡರು. ಮಷಿನ್ ಮನೆಗೆ ಬಂದ ಮೇಲೆ ಬಹಳ ದಿನ, ಅದು ಓಡುವಾಗ ಎಡಗೈಯನ್ನು ಅದರ ನೆತ್ತಿಯ ಮೇಲೆ ಇಟ್ಟಿರುತ್ತಿದ್ದರು. ಮಗುವಿಗೆ ಜ್ವರ ಇದೆಯೇ ಎಂದು ನೋಡುವವರ ಹಾಗೆ.

*

ಪೆಟ್ಟಿಗೆ ಎತ್ತುವ ಹೊತ್ತಿಗೆ ಮಷಿನ್ ಅಂಗಡಿಯವನೂ ಬಂದಿದ್ದ. ತಾಯಿಗೆ ಕೈ ಮುಗಿದು, ಮಗಳ ಪಕ್ಕದಲ್ಲಿ ಬಂದು ನಿಂತ.

"ಆಮೇಲೆ ಮಷಿನ್ ಏನಾದ್ರೂ ತೊಂದ್ರೆ ಕೊಡ್ತಾ?"

"ಇಲ್ಲ. ಏನೂ ತೊಂದ್ರೆ ಕೊಡಲಿಲ್ಲ."

"ನಾನು ಅವತ್ತೇ ಹೇಳಿದ್ದೆ," ಎಂದು ಅವನು ತೃಪ್ತಿಯಿಂದ ತಲೆಯಾಡಿಸಿದ.

ಅವಳು ತಾಯಿಯ ಹತ್ತಿರ ಹೋಗಿ ಬಗ್ಗಿದಳು. ಹೇಳಿಬಿಡುವುದೇ ಎಂದುಕೊಂಡಿದ್ದಳು. "ಅಮ್ಮ, ಆ ಪಟ್ಟಿಗಳು..."

"ಗೊತ್ತು ಕಣೇ. ನಿನ್ನ ಚಿಕ್ಕಪ್ಪ ಹೇಳಿದ." ತಾಯಿ ಅವಳ ಕೈ ಹಿಡಿದುಕೊಂಡರು. ಬೆಳಿಗ್ಗೆಯಿಂದ ಮೊದಲ ಬಾರಿಗೆ ಅವರ ಮುಖದ ಬಿಗಿ ಸಡಿಲವಾಗಿತ್ತು. "ಅವರೇ ಹೊಲಿದಿದ್ದು. ಬೋಣಿಯೂ ಅವರದ್ದೇ. ನಂಗೆ ಅದೊಂದು ಸಮಾಧಾನ. ಬೇರೆಯವರು ಮಾಡಿದ್ದನ್ನ ಅವರು ಎಲ್ಲಿ ನಂಬ್ತಿದ್ರು ಹೇಳು? ಕುರ್ಚಿ ಮೇಲೂ ಒಂದು ಸಲ ಅಲ್ಲಾಡಿಸಿ ನೋಡಿನೇ ಕೂರೋರು."

ಮಗಳು ಜೇಬಿನಲ್ಲಿದ್ದ ಸೂಜಿಯನ್ನು ಇನ್ನಷ್ಟು ಆಳಕ್ಕೆ ತಳ್ಳಿದಳು.

*

ಕೊನೆಯ ದಿನಗಳಲ್ಲಿ ತಂದೆಯ ಕಣ್ಣು ಮಂಜಾಗಿತ್ತು. ಬೆಳಿಗ್ಗೆ ಬಂದ ಕೂಡಲೆ ಮಷಿನ್‌ಗೆ ದಾರ ಪೋಣಿಸುವುದು ಅವಳ ಕೆಲಸವಾಗಿತ್ತು. ಆ ಬಗ್ಗೆ ಇಬ್ಬರೂ ಮಾತಾಡಿರಲಿಲ್ಲ.

ಅವಳು ಚೀಲಗಳ ಒಳಬಟ್ಟೆ ತರಲು ಹೊರಗೆ ಹೋದ ದಿನ ಅವರೊಬ್ಬರೇ ಪಟ್ಟಿಗಳನ್ನು ಹೊಲಿದರು. ಹಿಂದಿನ ಸಂಜೆ ದೊಡ್ಡ ಮಷಿನ್‌ನಲ್ಲಿ ಬೆಲ್ಟು ಹೊಲಿದಿದ್ದರಿಂದ ಅದರಲ್ಲಿ ಚರ್ಮದ ಸೂಜಿಯೇ ಇತ್ತು. ಹಳೆಯ ಮಷಿನ್ ಆಗಿದ್ದರೆ ಮಂದ ನೈಲಾನಿಗೆ ಮೊದಲ ಹೊಲಿಗೆಯಲ್ಲೇ ಸಿಕ್ಕಿಕೊಂಡು ನಿಲ್ಲುತ್ತಿತ್ತು. ಆಗ ಅವರು ಬಗ್ಗಿ ಸೂಜಿಯನ್ನು ನೋಡುತ್ತಿದ್ದರು.

ಅವಳು ಮರಳಿದಾಗ ತಂದೆ ಪಟ್ಟಿಯ ತುದಿಯನ್ನು ಬೆರಳುಗಳ ನಡುವೆ ಹೊಸೆಯುತ್ತಾ ಕೂತಿದ್ದರು.

"ಎಲ್ಲೋ ಸ್ವಲ್ಪ ಮೆತ್ತಗಿದೆ ಅನ್ನಿಸ್ತು," ಎಂದರು. "ಅದಕ್ಕೆ ಇನ್ನೂ ಸ್ವಲ್ಪ ಸಾಲು ಹಾಕಿದೆ. ಆದ್ರೂ ಯಾಕೋ ಭಯ."

"ನಿಮಗೆ ಯಾವಾಗ ಭಯ ಇರಲ್ಲ ಅಪ್ಪ?" ಎಂದು ಅವಳು ನಕ್ಕು, ಬಟ್ಟೆಯ ಗಂಟು ಬಿಚ್ಚಲು ಕೂತಳು. ಪಟ್ಟಿಯನ್ನು ಕೈಯಲ್ಲಿ ಹಿಡಿದು ನೋಡಲಿಲ್ಲ.

*

ಗುಂಡಿಯ ಅಂಚಿನಲ್ಲಿ ಹಸಿ ಮಣ್ಣಿನ ರಾಶಿ. ಅಡ್ಡ ಹಲಗೆಗಳ ಮೇಲೆ ಪೆಟ್ಟಿಗೆ. ಅದರಡಿಯಲ್ಲಿ ಆಗಲೇ ಹಾಯಿಸಿದ್ದ ಬೂದು ಪಟ್ಟಿಗಳ ತುದಿಗಳಲ್ಲಿ ಕಂದು ಹಿಡಿಗಳು ಹೊಸದಾಗಿ ಮಿನುಗುತ್ತಿದ್ದವು. ಮಗಳು ಗುಂಡಿ ತೋಡುವವನನ್ನು ಪಕ್ಕಕ್ಕೆ ಕರೆದಳು.

"ಹಳೇ ಪಟ್ಟಿ ಇಲ್ವಾ?"

"ಅಳತೆಗೆ ಅಂತ ಅದನ್ನ ಬಿಚ್ಚಿ ಹಾಕಿದ್ದು ನಿಮ್ಮಪ್ಪನೇ ಅಲ್ವಾ ಅಕ್ಕ?"

"ಹಗ್ಗ?"

"ಬಕೆಟ್ ಎತ್ತೋ ಹಗ್ಗ ಇದೆ. ಅದರಲ್ಲಿ ನನ್ನ ಇಳಿಸಿದ್ರೂ ನಾನು ಮೇಲೆ ಬರೋ ಭರವಸೆ ಇಲ್ಲ. ಯಾಕೆ, ಏನಾಯ್ತು?"

ತಾಯಿ ಗುಂಡಿಯ ಆಚೆ ಬದಿಯಿಂದ ಅವರನ್ನೇ ನೋಡುತ್ತಿದ್ದರು. ಮಗಳು ಧ್ವನಿ ಎತ್ತಿ ಎಲ್ಲರಿಗೂ ಕೇಳುವಂತೆ ಹೇಳಿದಳು: "ಯಾರೂ ಹಿಡಿ ಹಿಡೀಬೇಡಿ. ಹೊಲಿಗೆ ದಾಟಿ ಪೆಟ್ಟಿಗೆ ಕಡೆಗೆ, ಪಟ್ಟಿನೇ ಕೈಗೆ ಸುತ್ತಿಕೊಳ್ಳಿ."

"ಕೈ ಕಿತ್ತು ಬರುತ್ತಲ್ಲಮ್ಮ," ಎಂದ ಮಷಿನ್ ಅಂಗಡಿಯವನು. ಹೆಗಲು ಕೊಡಲು ಬಂದವನು ಇಳಿಸಲೂ ನಿಂತಿದ್ದ. "ಹಿಡಿ ಇರೋದು ಹಿಡಿಯೋಕೆ ತಾನೆ?"

"ಅಪ್ಪ ಹಾಗೇ ಹೇಳಿದ್ರು," ಎಂದು ಅವಳು ಸುಳ್ಳು ಹೇಳಿದಳು.

"ತಡಿಯಪ್ಪ ಹೇಳಿದ್ರಾ? ಹಾಗಾದ್ರೆ ಏನೋ ಲೆಕ್ಕ ಇರುತ್ತೆ ಬಿಡಿ."

ಗುಂಡಿ ತೋಡುವವನು, ಅವನ ಜೊತೆಗಾರ, ಮಷಿನ್ ಅಂಗಡಿಯವನು ಪಟ್ಟಿಯನ್ನು ಅಂಗೈಗೆ ಸುತ್ತಿಕೊಂಡರು. ನಾಲ್ಕನೆಯ ತುದಿಯಲ್ಲಿದ್ದ ಚಿಕ್ಕಪ್ಪ ಅವಳನ್ನು ನೋಡುತ್ತಲೇ ಚರ್ಮದ ಹಿಡಿಯೊಳಗೆ ಬೆರಳು ತೂರಿಸಿದ.

"ಚಿಕ್ಕಪ್ಪ, ದಮ್ಮಯ್ಯ."

"ಒಬ್ಬರಾದ್ರೂ ಅವನನ್ನ ನಂಬಬೇಕಲ್ಲ ಪುಟ್ಟಿ," ಎಂದ ಅವನು, ಅವಳಿಗೆ ಮಾತ್ರ ಕೇಳುವಂತೆ.

ಹಲಗೆಗಳನ್ನು ಎಳೆದರು. ಪೆಟ್ಟಿಗೆ ಗಾಳಿಯಲ್ಲಿ ನಿಂತಿತು. ಅವಳು ಪೆಟ್ಟಿಗೆಯನ್ನು ನೋಡಲಿಲ್ಲ, ಚಿಕ್ಕಪ್ಪನ ಹಿಡಿಯ ಬುಡವನ್ನು ನೋಡಿದಳು. ಹೊಲಿಗೆಯ ಸಾಲುಗಳು ಒತ್ತೊತ್ತಾಗಿ, ಒಂದರ ಪಕ್ಕ ಒಂದು ಇದ್ದವು. ಮೊದಲ ಸಾಲಿನ ತೂತುಗಳು ಉದ್ದವಾಗತೊಡಗಿದವು. ಬೂದು ಪಟ್ಟಿಯ ನಡುವೆ ತುಂಡಾದ ಎಳೆಗಳ ತುದಿ ಕಂಡವು.

"ನಿಧಾನ, ನಿಧಾನ," ಎನ್ನುತ್ತಿದ್ದ ಗುಂಡಿ ತೋಡುವವನು.

ಪೆಟ್ಟಿಗೆ ಅರ್ಧ ಇಳಿದಿತ್ತು. ಆಗ ಮಷಿನ್ ಅಂಗಡಿಯವನ ಕಾಲು ಸಡಿಲ ಮಣ್ಣಿನಲ್ಲಿ ಜಾರಿತು. ಪೆಟ್ಟಿಗೆ ವಾಲಿ, ಭಾರವೆಲ್ಲ ಚಿಕ್ಕಪ್ಪನ ಮೂಲೆಗೆ ಬಂತು. ಹಳೆಯ ಬಟ್ಟೆ ಹರಿದಂಥ ಸದ್ದು.

ಅವಳು ಯಾವಾಗ ಮಂಡಿಯೂರಿದಳೋ ಅವಳಿಗೇ ತಿಳಿಯಲಿಲ್ಲ. ಎರಡೂ ಕೈ ಪಟ್ಟಿಯ ಮೇಲಿದ್ದವು. ಪಟ್ಟಿ ಅಂಗೈಯನ್ನು ಸುಡುತ್ತಾ ಒಂದು ಗೇಣು ಜಾರಿ ನಿಂತಿತು. ಪೆಟ್ಟಿಗೆಯ ಒಳಗೆ ಏನೋ ಮರದ ಗೋಡೆಗೆ ಮೆತ್ತಗೆ ತಗುಲಿದ ಸದ್ದು ಬಂತು. ಹಿಂದಕ್ಕೆ ಮುಗ್ಗರಿಸಿದ್ದ ಚಿಕ್ಕಪ್ಪ ಓಡಿಬಂದು ಅವಳ ಕೈಗಳ ಹಿಂದೆ ಒಂದು ಕೈ ಹಾಕಿದ. "ಬಿಡಬೇಡ, ಪುಟ್ಟಿ. ಬಿಡಬೇಡ." ಪೆಟ್ಟಿಗೆ ಮತ್ತೆ ಸಮವಾಯಿತು, ಇಳಿಯಿತು, ನೆಲ ಮುಟ್ಟಿತು.

"ಏನದು?" ಎಂದರು ತಾಯಿ. "ಏನು ಹರೀತು?"

ಗುಂಡಿ ತೋಡುವವನು ಮಗಳ ಮುಖ ನೋಡಿ, ತಲೆ ತಗ್ಗಿಸಿದ.

"ನನ್ನ ಕೋಟು, ಅತ್ತಿಗೆ," ಎಂದ ಚಿಕ್ಕಪ್ಪ. ಗಂಟಲು ಮೊದಲಿನಷ್ಟೇ ಜೋರಾಗಿತ್ತು. "ಕಂಕುಳಲ್ಲಿ ಹೊಲಿಗೆ ಬಿಚ್ಚಿಕೊಳ್ತು. ಅಣ್ಣನ ಹತ್ರ ಹೊಲಿಸದೆ ಅಂಗಡೀದು ತಗೊಂಡೆ ನೋಡಿ, ನಂಗೆ ಹೀಗೇ ಆಗಬೇಕು."

ತಾಯಿ ಮಣ್ಣಿನ ರಾಶಿಯನ್ನು ಬಳಸಿ ಅವನ ಕಡೆ ಬಂದರು.

"ಎಲ್ಲಿ, ತೋಳೆತ್ತು. ನೋಡೋಣ."

ಚಿಕ್ಕಪ್ಪ ತೋಳನ್ನು ಪಕ್ಕೆಗೆ ಇನ್ನಷ್ಟು ಒತ್ತಿಕೊಂಡ. ಬಲಗೈ ಮುಷ್ಟಿ ಬಿಗಿಯಾಗಿ ಮುಚ್ಚಿತ್ತು. ಬೆರಳುಗಳ ಸಂದಿಯಲ್ಲಿ ಕಂದು ಚರ್ಮದ ಅಂಚು, ಅದರಿಂದ ಇಳಿಬಿದ್ದ ಬೂದು ಎಳೆಗಳ ಕುಚ್ಚು. ತಾಯಿ ಆ ಮುಷ್ಟಿಯನ್ನು ನೋಡಿದರು. ಮಂಡಿಯೂರಿ ಕೂತೇ ಇದ್ದ ಮಗಳ ಅಂಗೈಗಳನ್ನು ನೋಡಿದರು. ಆಮೇಲೆ ಸುತ್ತ ನಿಂತ ಜನರನ್ನು, ಒಬ್ಬೊಬ್ಬರನ್ನೇ.

"ಮಣ್ಣು ಹಾಕಿ," ಎಂದರು.

ಶಾಲಿನ ಅಂಚನ್ನು ಹೆಗಲಿಂದ ಎಳೆದು ಮೈದುನನ ಮುಷ್ಟಿಯ ಮೇಲೆ ಹೊದಿಸಿದರು. ಶಾಲಿನ ಮೇಲಿಂದಲೇ ಅದನ್ನು ಎರಡೂ ಕೈಯಲ್ಲಿ ಒತ್ತಿ ಹಿಡಿದು, ಗುಂಡಿ ತುಂಬುವ ತನಕ ಅಲ್ಲೇ ನಿಂತರು.