ಸಾಲು ತಪ್ಪದ ಗಂಟು

“ಒಂದು ಕಣ್ಣು ಮುಚ್ಚಬೇಡ ಅಪ್ಪಾ, ಎರಡೂ ತೆರೆದು ನೋಡು,” ಎಂದಳು ಮಗಳು.

ಬ್ರಷ್ ಮೇಷ್ಟ್ರು ಕನ್ನಡಕವನ್ನು ಹಣೆಗೇರಿಸಿ ಮಗಳ ಪ್ರಯೋಗಾಲಯದ ಸೂಕ್ಷ್ಮದರ್ಶಕದ ಮೇಲೆ ಮತ್ತೆ ಬಾಗಿದರು. ಊರಿನ ಅರ್ಧದಷ್ಟು ಅಂಗಡಿಗಳ ಬೋರ್ಡು ಬರೆದ ಕೈ ಅವರದು. ಆ ಕೈಯ ನರಕ್ಕೆ ಅಂಟಿ ಬೆಳೆದಿದ್ದ ಗಂಟನ್ನು ತೆಗೆಸಿ ಕೆಲವು ತಿಂಗಳಾಗಿತ್ತು. ಕೆಟ್ಟ ಗಂಟಲ್ಲ, ಜೀವಕ್ಕೆ ಅಪಾಯವಿಲ್ಲ ಎಂದು ವೈದ್ಯರು ಹೇಳಿದ್ದರು ನಿಜ; ಆದರೆ ಅದನ್ನು ಬಿಡಿಸುವಾಗ ನರದ ಕೆಲವು ಎಳೆಗಳನ್ನು ಕತ್ತರಿಸಲೇಬೇಕಾಯಿತು. ಅಂದಿನಿಂದ ಕಿರುಬೆರಳಿಗೆ ಸ್ಪರ್ಶವಿಲ್ಲ. ಬೋರ್ಡು ಬರೆಯುವವನು ಕಿರುಬೆರಳನ್ನು ಹಲಗೆಗೆ ಊರಿಯೇ ಉಳಿದ ಬೆರಳುಗಳಿಂದ ಕುಂಚ ನಡೆಸಬೇಕು. ಊರಿದ್ದೇ ತಿಳಿಯದಿದ್ದರೆ ಗೆರೆ ಎತ್ತ ಹೋದೀತೋ ಎಂಬ ಅಂಜಿಕೆಯಲ್ಲಿ ಮೇಷ್ಟ್ರು ಕುಂಚ ಮುಟ್ಟುವುದನ್ನೇ ಬಿಟ್ಟಿದ್ದರು.

ಗಾಜಿನ ಕೆಳಗೆ ನೇರಳೆ ಬಣ್ಣದ ಪುಟ್ಟ ಕಡ್ಡಿಗಳು ಸಾಲುಸಾಲಾಗಿ ನಿಂತಿದ್ದವು. ಸಾಲುಗಳ ನಡುವೆ ಹದವಾದ ತೆರಪು.

“ಯಾರೇ ಇದನ್ನ ಬರೆದೋನು? ಕೈ ಪಳಗಿದೆ.”

“ಯಾರೂ ಬರೆದಿಲ್ಲ. ನಿನ್ನ ಗಂಟಿನದೇ ತೆಳು ಚೂರು ಅದು, ಬಣ್ಣ ಮಾತ್ರ ನಾವು ಹಾಕಿದ್ದು. ಅದರ ಕೋಶಗಳು ಹಾಗೇ ಸಾಲು ಹಿಡೀತವೆ.”

“ನೋಡಿದ್ಯಾ! ನನ್ನ ಮೈಗೆ ಬಂದ ಕಾಯಿಲೆ ಕೂಡ ಸಾಲು ತಪ್ಪಿಲ್ಲ!”

ಪಕ್ಕದ ಮೇಜಿನ ಸಹೋದ್ಯೋಗಿ ನಕ್ಕ. “ಸಾರ್, ಇದನ್ನ ನೋಡೋಕೆ ಮೇಲಿನ ಮಹಡಿಯವರೂ ಇಳಿದು ಬಂದಿದ್ರು. ಇವರು ‘ನಮ್ಮಪ್ಪನದು, ನಮ್ಮಪ್ಪನದು’ ಅಂತ ಹೇಳಿ ಹೇಳಿ ಗಂಟಲು ಒಣಗಿಸ್ಕೊಂಡ್ರು.”

“ನೀನು ಸುಮ್ನಿರು,” ಎಂದು ಮಗಳು ಅವನನ್ನು ಗದರಿದಳು. ಕಿವಿ ಮಾತ್ರ ಕೆಂಪಾಗಿತ್ತು.

ಮೇಷ್ಟ್ರು ಕಾಲರು ಸರಿಮಾಡಿಕೊಂಡರು. ಆಮೇಲೆ ದನಿ ತಗ್ಗಿಸಿ ಕೇಳಿದರು: “ಬೆರಳಿಗೆ ಜೀವ ಬರುತ್ತೇನೇ? ಸಮಾಧಾನದ ಮಾತು ಬೇಡ.”

ಮಗಳು ಸ್ಟೂಲನ್ನು ಹತ್ತಿರಕ್ಕೆ ಎಳೆದುಕೊಂಡಳು. “ನರದ ಎಳೆ ತುಂಡಾದ್ರೆ ಮುಂದಿನ ತುಂಡು ಸಾಯುತ್ತೆ ಅಪ್ಪಾ. ಅದನ್ನ ಸುತ್ತಿಕೊಂಡಿದ್ದ ಕೋಶಗಳು ಸಾಯಲ್ಲ. ಉಳಿಯೋಕೆ ಬೇಕಾದ್ದನ್ನ ತಾವೇ ತಯಾರಿಸ್ಕೊಂಡು, ಹೊಸ ಎಳೆಗೆ ದಾರಿ ಮಾಡಿಟ್ಟು ಕಾಯ್ತವೆ. ಹೇಗೆ ಉಳೀತವೆ ಅಂತ ಹುಡುಕೋದೇ ನನ್ನ ಕೆಲಸ. ನಿನ್ನ ಗಂಟಿನಲ್ಲಿರೋದೂ ಅದೇ ಕೋಶಗಳೇ. ನರದ ಆಸರೆ ಇಲ್ಲದೆ ಬದುಕೋದನ್ನ ಕಲಿತವು, ಬೆಳೆಯೋದನ್ನ ನಿಲ್ಲಿಸೋಕೆ ಮರೆತವು. ಅದಕ್ಕೇ ‘ಹೇಗೆ ಉಳಿದ್ರಿ’ ಅಂತ ಅವುಗಳನ್ನೇ ಕೇಳ್ತಾ ಕೂತಿದೀವಿ. ಬೆರಳು ಸರಿಹೋಗುತ್ತೆ ಅಂತ ಆಣೆ ಇಡಲಾರೆ. ದಾರಿ ಮಾತ್ರ ಇದೆ.”

“ಯಾರ ಹಂಗೂ ಇಲ್ಲದೆ ಬದುಕ್ತವಾ?” ಮೇಷ್ಟ್ರು ಮೀಸೆಯಲ್ಲೇ ನಕ್ಕರು. “ಹಾಗಾದ್ರೆ ನಮ್ಮ ಮನೆಯವೇ ಬಿಡು.”

ಹೊರಟವರು ಬಾಗಿಲು ದಾಟಿ ತಡೆದು ನಿಂತರು. ಬಾಗಿಲ ಗಾಜಿನ ಮೇಲೆ ಮಗಳ ಹೆಸರು ಅಚ್ಚಾದ ಕಾಗದವೊಂದು ಅಂಟು ಅರ್ಧ ಬಿಟ್ಟು ತೂಗುತ್ತಿತ್ತು.

“ಇದೇನೇ, ಔಷಧಿ ಸೀಸೆಗೆ ಚೀಟಿ ಹಚ್ಚಿದ ಹಾಗೆ! ಆ ಪೆನ್ನು ಕೊಡಿಲ್ಲಿ.”

ಕಾಗದ ಕಿತ್ತು, ದಪ್ಪ ಪೆನ್ನು ಹಿಡಿದು, ಕಿರುಬೆರಳನ್ನು ಗಾಜಿಗೆ ಊರಿದರು. ಊರಿದೆಯೋ ಇಲ್ಲವೋ ಎಂದು ಕಣ್ಣಿಂದಲೇ ನೋಡಿಕೊಂಡರು. ಮಗಳ ಹೆಸರಿನ ಮೊದಲ ಅಕ್ಷರದ ತಲೆಕಟ್ಟು ನಡುಗಿ ತುಸು ಕೆಳಗಿಳಿಯಿತು.

“ಒರೆಸ್ಲಾ ಅಪ್ಪಾ?”

“ಮುಟ್ಟೀಯೆ, ಜೋಕೆ!”

ಬಾಗಿಲು ಅಲುಗದಂತೆ ಮಗಳು ಒಳಗಿನಿಂದ ಎರಡೂ ಅಂಗೈಗಳನ್ನು ಗಾಜಿಗೆ ಒತ್ತಿ ನಿಂತಳು. ಮೇಷ್ಟ್ರು ಎರಡನೆಯ ಅಕ್ಷರಕ್ಕೆ ಕೈಯೆತ್ತಿದರು.