ಉಳಿದಿದ್ದ ಒಂದೇ ಪ್ಲೇಟು

ಹೊನ್ನಾಳಿಯ ಗನಿಸಾಬರ ಸೈಕಲ್ಲು ಯಾವ ಊರಿಗೆ ಬಂದರೂ ಜನ ಕೇಳುತ್ತಿದ್ದುದು ಒಂದೇ ಮಾತು: “ಯಾರು ಹೋದ್ರು ಸಾಬ್ರೆ?”

ಜನರ ತಪ್ಪೇನಿಲ್ಲ ಬಿಡಿ. ಆಗೆಲ್ಲ ನಮ್ಮ ಕಡೆ ಬದುಕಿರುವಾಗ ಪಟ ತೆಗೆಸಿಕೊಂಡರೆ ಆಯಸ್ಸು ಕಮ್ಮಿಯಾಗುತ್ತದೆಂಬ ಹೆದರಿಕೆಯಿತ್ತು. ಲಿಂಗಾಯತರ ಮನೆಯಲ್ಲಿ ಹಿರಿಯರು ತೀರಿಕೊಂಡರೆ ಗೋಡೆಗೆ ಒರಗಿಸಿ ಕೂರಿಸಿ, ವಿಭೂತಿ ಬಳಿದು, ಹಾರ ಹಾಕಿ ಗನಿಸಾಬರಿಗೆ ಹೇಳಿಕಳಿಸುತ್ತಿದ್ದರು. ಸಾಬರು ಕ್ಯಾಮೆರಾ ಪೆಟ್ಟಿಗೆ ನಿಲ್ಲಿಸಿ, ಕರಿಬಟ್ಟೆ ಹೊದ್ದು ನೋಡಿ, ಲೆನ್ಸಿನ ಮುಚ್ಚಳ ತೆಗೆದು, ನಾಲ್ಕು ಎಣಿಸಿ ಮುಚ್ಚುತ್ತಿದ್ದರು. ಹದಿನೆಂಟು ವರ್ಷ ಇದೇ ಕೆಲಸ. ಪಟದಲ್ಲಿ ಹುಬ್ಬಿನ ಒಂದು ಕೂದಲೂ ಕಲಸಿಹೋಗುತ್ತಿರಲಿಲ್ಲ.

ಇಂಥವರಿಗೆ ಇದ್ದದ್ದು ಒಂದೇ ಆಸೆ. ಹೆಂಡತಿ ಅಮೀರುನ್ನೀಸಾಳದೊಂದು ಪಟ ಬೇಕು. ಆಕೆ ಮಾತ್ರ ಸುತರಾಂ ಒಪ್ಪಳು.

“ನಿಮ್ಮ ಪೆಟ್ಟಿಗೆ ಮುಂದೆ ಕುಂತೋರು ಒಬ್ಬರಾದ್ರೂ ಎದ್ದು ಹೋಗ್ಯಾರೇನ್ರಿ?” ಎನ್ನುವಳು.

ಅಷ್ಟರಲ್ಲಿ ಯುದ್ಧ ಶುರುವಾಗಿ, ಪಟ ಮೂಡಿಸುವ ಗಾಜಿನ ಪ್ಲೇಟುಗಳು ವಿಲಾಯಿತಿಯಿಂದ ಬರುವುದೇ ನಿಂತಿತು. ಕೊನೆಗೆ ಉಳಿದದ್ದು ಒಂದೇ ಪ್ಲೇಟು. ಅದನ್ನು ಹೆಂಡತಿಯ ಪಟಕ್ಕೆಂದೇ ಟ್ರಂಕಿನಲ್ಲಿ ಅವಳ ಮದುವೆ ಸೀರೆಯ ಮಡಿಕೆಯೊಳಗೆ ಇಟ್ಟು, ಎಂಥ ದೊಡ್ಡವರ ಮನೆಯಿಂದ ಕರೆ ಬಂದರೂ ಇಲ್ಲವೆಂದುಬಿಟ್ಟರು.

ನಲವತ್ಮೂರರ ಚಳಿಗಾಲದಲ್ಲಿ ನ್ಯಾಮತಿಗೆ ಟೂರಿಂಗ್ ಟಾಕೀಸಿನ ಡೇರೆ ಬಂತು. ಚಿತ್ರ ಒಬ್ಬ ಫೋಟೋಗ್ರಾಫರನ ಕಥೆಯಂತೆ. ಗಂಡ ಹೆಂಡತಿ, ಪೆಟ್ರೋಲಿಲ್ಲದೆ ಇದ್ದಿಲ ಹೊಗೆಯಲ್ಲಿ ಓಡುತ್ತಿದ್ದ ಬಸ್ಸಿನಲ್ಲಿ ಹೋಗಿ ಅಮೀರುನ್ನೀಸಾಳ ತಂಗಿ ನಜೀರಾಳ ಮನೆಯಲ್ಲಿ ಉಳಿದರು. ಸಂಜೆಯ ಆಟಕ್ಕೆ ಗಂಡಸರು ಒಂದು ಕಡೆ, ಹೆಂಗಸರು ಒಂದು ಕಡೆ, ಎಲ್ಲರೂ ಮರಳಿನ ಮೇಲೆ. ಪರದೆಯ ಮೇಲಿನ ಆ ಫೋಟೋಗ್ರಾಫರ್ ಟೋಪಿಯನ್ನು ಹಿಂದುಮುಂದಾಗಿ ಹಾಕಿಕೊಂಡು, ಕತ್ತು ಕೊಂಕಿಸಿ, ನಾಯಕಿಯನ್ನು ಕಿಲಕಿಲ ನಗಿಸಿ ಚಕ್ಕನೆ ಪಟ ತೆಗೆದುಬಿಟ್ಟ.

“ಮುಚ್ಚಳಾನೇ ತೆಗೀಲಿಲ್ಲ ಮಹಾಶಯ,” ಎಂದು ಗನಿಸಾಬರು ಗೊಣಗಿದರು. ಆದರೆ ಹೆಂಗಸರ ಕಡೆಯಿಂದ ಅಮೀರುನ್ನೀಸಾಳ ನಗು ಕೇಳಿಸಿತು. ಅಷ್ಟು ಜನರ ನಡುವೆಯೂ ಅದು ಅವಳದೇ ಎಂದು ಅವರಿಗೆ ಗೊತ್ತಾಯಿತು. ಆ ಕ್ಷಣ ಅವರಿಗಾದ ಸುಖವನ್ನು ಅವರು ಸಾಯುವ ತನಕ ಹೇಳಿಕೊಂಡರು.

ಬೆಳಿಗ್ಗೆ ಬಸ್ಸಿನಲ್ಲಿ ಅವಳೇ ಬಾಯಿಬಿಟ್ಟಳು. “ಅವನ ಮುಂದೆ ಕುಂತೋಳು ಎದ್ದು ಕುಣೀತಾ ಹೋದ್ಲು ನೋಡ್ರಿ. ಅವನಂಗೆ ನಗಿಸ್ತೀರಂದ್ರೆ ನಾನೂ ಕುಂದರ್ತೀನಿ.”

ಸಾಬರು ತಡಮಾಡಲಿಲ್ಲ. ಮನೆಗೆ ಬಂದವರೇ ಹಿತ್ತಲ ಬಿಸಿಲಿನಲ್ಲಿ ಬಿಳಿ ಚಾದರ ಕಟ್ಟಿ, ಅವಳನ್ನು ಕುರ್ಚಿಯ ಮೇಲೆ ಕೂರಿಸಿದರು. ತಾವೂ ಟೋಪಿ ತಿರುಗಿಸಿ ಹಾಕಿಕೊಂಡು ಕತ್ತು ಕೊಂಕಿಸಿದರು. ನರೆತ ಗಡ್ಡದ ಗಂಡನ ಆ ವೇಷ ನೋಡಿ ಅಮೀರುನ್ನೀಸಾ ಬಿದ್ದು ಬಿದ್ದು ನಕ್ಕಳು. ಸಾಬರು ಮುಚ್ಚಳ ತೆಗೆದು, ಕಣ್ತುಂಬ ನೋಡುತ್ತ, ನಾಲ್ಕು ಎಣಿಸಿ ಮುಚ್ಚಿದರು.

ಕತ್ತಲೆಕೋಣೆಯಲ್ಲಿ ಪ್ಲೇಟು ತೊಳೆದು ಬೆಳಕಿಗೆ ಹಿಡಿದು ನೋಡಿದರು. ಕುರ್ಚಿ ಸ್ಪಷ್ಟವಾಗಿತ್ತು. ಚಾದರದ ತೇಪೆ ಕೂಡ ಸ್ಪಷ್ಟವಾಗಿತ್ತು. ಮುಖವಿರಬೇಕಾದಲ್ಲಿ ಬರೀ ಮಬ್ಬು. ಅಲ್ಲಾಡಬೇಡ ಎಂದು ಹೇಳಲು ಮರೆತಿದ್ದರು. ಹದಿನೆಂಟು ವರ್ಷದಲ್ಲಿ ಆ ಮಾತನ್ನು ಅವರು ಯಾರಿಗೂ ಹೇಳಬೇಕಾಗಿ ಬಂದಿರಲಿಲ್ಲ.

“ಯುದ್ಧ ಮುಗೀಲಿ, ಇನ್ನೊಂದು ತೆಗೆದ್ರಾಯ್ತು,” ಎಂದು ಅಮೀರುನ್ನೀಸಾಳೇ ಸಮಾಧಾನ ಹೇಳಿದಳು.

ಯುದ್ಧಕ್ಕಿಂತ ಮೊದಲು ಅವಳೇ ಮುಗಿದುಹೋದಳು. ಮರುವರ್ಷದ ಚಳಿಜ್ವರ ಮೂರೇ ದಿನದಲ್ಲಿ ಅವಳನ್ನು ಕೊಂಡೊಯ್ದಿತು. ಸುದ್ದಿ ಕೇಳಿ ಬಸವಾಪಟ್ಟಣದಿಂದ ಅಡಿಕೆ ವ್ಯಾಪಾರಿ ಬಸವರಾಜಪ್ಪ ಗಾಡಿ ಕಟ್ಟಿಸಿಕೊಂಡು ಬಂದರು. ಅವರ ತಂದೆಯ ಪಟ ತೆಗೆದವರು ಗನಿಸಾಬರೇ. ಬಸವರಾಜಪ್ಪ ತಮ್ಮ ಮನೆಗೆಂದು ಎಲ್ಲೆಲ್ಲೋ ಹುಡುಕಿಸಿ ಇಟ್ಟಿದ್ದ ಹೊಸ ಪ್ಲೇಟೊಂದನ್ನು ತಂದಿದ್ದರು.

“ಮಣ್ಣಿಗೆ ಒಯ್ಯೋದ್ರೊಳಗೆ ಒಂದು ತಕ್ಕಳ್ರಿ ಸಾಬ್ರೆ. ಮುಖ ನೋಡಾಕೆ ಬೇಕಲ್ಲ,” ಎಂದರು. ಅವರ ಮನೆತನದಲ್ಲಿ ಅದೇ ದೊಡ್ಡ ಮರ್ಯಾದೆ.

ಗನಿಸಾಬರು ಆ ಪ್ಲೇಟನ್ನು ಎರಡೂ ಕೈಯಲ್ಲಿ ಹಿಡಿದು ಕಣ್ಣಿಗೊತ್ತಿಕೊಂಡು, ತಿರುಗಿ ಅವರ ಕೈಗೇ ಇಟ್ಟರು. ಆಮೇಲೆ ಕಟ್ಟು ಹಾಕಿಸಿ ಗೋಡೆಗೆ ತೂಗುಹಾಕಿದ್ದ, ಹಿತ್ತಲಲ್ಲಿ ತೆಗೆದ ಆ ಪಟ ತೋರಿಸಿದರು.

ಬಸವರಾಜಪ್ಪ ಹತ್ತಿರ ಹೋಗಿ ನೋಡಿದರು. “ಇದ್ರಾಗೆ ಮುಖಾನೇ ಕಾಣಲ್ವಲ್ರಿ. ಅಲ್ಲಾಡೈತೆ.”

“ಹೂಂ ರೀ,” ಎಂದರು ಗನಿಸಾಬರು. “ನಾನು ತೆಗೆದಿದ್ರಾಗೆ ಅಲ್ಲಾಡಿದ್ದು ಇದೊಂದೇ.”